ಕಲ್ಲಿನ ಕರಡಿಗೆ ದಾರಿ, ದಂತದ ಕರಡಿಗೆ ತಡೆ

ಟೊರಾಂಟೊದಲ್ಲಿರುವ ಕನ್ನಡಿಗರೊಬ್ಬರು ರಜೆಗೆ ಬೆಂಗಳೂರಿಗೆ ಹೊರಟಿದ್ದಾರೆ ಅಂದುಕೊಳ್ಳಿ. ಅಣ್ಣನ ಮನೆಯ ಶೋಕೇಸಿಗೆ ಅಂತ ಎರಡು ಪುಟ್ಟ ಕರಡಿ ಕೊಂಡಿದ್ದಾರೆ. ಎರಡನ್ನೂ ಕೆತ್ತಿದವರು ಕೆನಡಾದ ಉತ್ತರ ತುದಿಯ ಮೂಲನಿವಾಸಿಗಳಾದ ಇನುಯಿಟ್ ಕಲಾವಿದರು. ಒಂದು ಹಸಿರು ಕಲ್ಲಿನದು, ಇನ್ನೊಂದು ವಾಲ್ರಸ್ ಎಂಬ ಕಡಲ ಪ್ರಾಣಿಯ ದಂತದ್ದು. ಟಿಕೆಟ್ ನ್ಯೂಯಾರ್ಕ್ ಮೂಲಕ. ಟೊರಾಂಟೊ ವಿಮಾನ ನಿಲ್ದಾಣದಲ್ಲೇ ಅಮೆರಿಕದ ಕಸ್ಟಮ್ಸ್ ತಪಾಸಣೆ ನಡೆಯುತ್ತದೆ. ಹಾಗಾಗಿ ವಿಮಾನ ಹತ್ತುವ ಮೊದಲೇ ಅವರು ಅಮೆರಿಕದ ಕಾನೂನಿನ ಕೈಗೆ ಸಿಕ್ಕಿರುತ್ತಾರೆ. ಕಲ್ಲಿನ ಕರಡಿಯ ಬಗ್ಗೆ ಯಾರೂ ಕೇಳುವುದಿಲ್ಲ. ದಂತದ ಕರಡಿಯನ್ನು ಮಾತ್ರ ಅಲ್ಲೇ ಬಿಟ್ಟು ಹೋಗಬೇಕಾದೀತು.

ಅದು ಕದ್ದ ಮಾಲಲ್ಲ. ಕೆತ್ತಿದವರಿಗೆ ವಾಲ್ರಸ್ ಬೇಟೆಯ ಹಕ್ಕಿದೆ. ಮಾಂಸ ಊರಿನವರ ಹೊಟ್ಟೆಗೆ ಹೋಗಿದೆ, ಉಳಿದ ದಂತ ಕರಡಿಯಾಗಿದೆ. ಕೆನಡಾದಲ್ಲಿ ಕೊಂಡದ್ದೂ ಸಕ್ರಮ. ಆದರೂ ಗಡಿಯಲ್ಲಿ ನಿಂತವರು ಕೇಳುವುದು ಯಾರ ಕೈ ಕೆತ್ತಿತು ಅಂತ ಅಲ್ಲ, ಯಾವ ಪ್ರಾಣಿಯ ಮೂಳೆ ಅಂತ.

ಇನುಯಿಟ್ ಕಲೆ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕಲ್ಲಿನ ಶಿಲ್ಪ. ಅದಕ್ಕೆ ಕಾರಣವೂ ಇದೆ. 1948ರಲ್ಲಿ ಜೇಮ್ಸ್ ಹ್ಯೂಸ್ಟನ್ ಎಂಬ ಯುವ ಚಿತ್ರಕಾರ ಹಡ್ಸನ್ ಕೊಲ್ಲಿಯ ದಡದ ಇನುಕ್ಜುಆಕ್ ಊರಿಗೆ ಹೋದರು. ಅಲ್ಲಿ ಕಂಡ ಸಣ್ಣ ಕೆತ್ತನೆಗಳನ್ನು ದಕ್ಷಿಣಕ್ಕೆ ತಂದರು. ಮರುವರ್ಷ ಮಾಂಟ್ರಿಯಲ್‌ನಲ್ಲಿ ನಡೆದ ಪ್ರದರ್ಶನದ ಮಾಲು ಮೂರೇ ದಿನಗಳಲ್ಲಿ ಖಾಲಿಯಾಯಿತು. ಆಮೇಲೆ ಸರ್ಕಾರವೂ ಕೈಜೋಡಿಸಿತು, ಊರೂರಲ್ಲಿ ಸಹಕಾರ ಸಂಘಗಳು ಹುಟ್ಟಿದವು. ಕೆತ್ತಲು ಬಳಸಿದ್ದು ಬಳಪದ ಕಲ್ಲು ಮತ್ತು ಅದರ ಹತ್ತಿರದ ಜಾತಿಯ ಹಸಿರು ಕಲ್ಲುಗಳು. ಬೇಲೂರು ಹಳೇಬೀಡಿನ ಶಿಲ್ಪಿಗಳಿಗೂ ಬಳಪದ ಕಲ್ಲೇ ಒಲಿದಿತ್ತು ನೋಡಿ. ಉಳಿ ಮಾತು ಕೇಳುವ ಕಲ್ಲು ಅದು.

ಆದರೆ ಕಲ್ಲು ದೊಡ್ಡದಾಗಿ ಬಂದದ್ದು ಪೇಟೆಗೋಸ್ಕರ. ಅದಕ್ಕೂ ಮೊದಲು ಸಾವಿರಾರು ವರ್ಷ ಆ ಜನ ಹೆಚ್ಚಾಗಿ ಕೆತ್ತಿದ್ದು ದಂತ, ಮೂಳೆ, ಕೊಂಬುಗಳಲ್ಲಿ. ಹೊಲಿದದ್ದು ಸೀಲ್ ಎಂಬ ಕಡಲ ಪ್ರಾಣಿಯ ಚರ್ಮ. ಮರವೇ ಬೆಳೆಯದ ನಾಡಿನಲ್ಲಿ ಮತ್ತೇನು ಸಿಗುತ್ತದೆ? ವಾಲ್ರಸ್ ದಂತ, ನಾರ್ವಾಲ್ ತಿಮಿಂಗಿಲದ ಉದ್ದನೆಯ ಸುರುಳಿ ದಂತ, ತಿಮಿಂಗಿಲದ ಮೂಳೆ, ಹಿಮಕರಡಿಯ ಉಗುರು, ಕ್ಯಾರಿಬೂ ಜಿಂಕೆಯ ಕೊಂಬು. ಇವುಗಳಲ್ಲಿ ಕೊಂಬನ್ನು ಬಿಟ್ಟರೆ ಉಳಿದ ಎಲ್ಲವೂ ಇಂದು ಒಂದಲ್ಲ ಒಂದು ಗಡಿಯಲ್ಲಿ ಸಿಕ್ಕಿಬೀಳುವ ವಸ್ತುಗಳೇ.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1972ರಲ್ಲಿ. ಆ ವರ್ಷ ಅಮೆರಿಕ ಸಮುದ್ರ ಸಸ್ತನಿಗಳ ರಕ್ಷಣಾ ಕಾಯ್ದೆ ತಂದಿತು. ತಿಮಿಂಗಿಲ, ಸೀಲ್, ವಾಲ್ರಸ್, ಹಿಮಕರಡಿ ಎಲ್ಲವೂ ಅದರೊಳಗೆ ಬಂದವು. ಅವುಗಳನ್ನು ಹಿಡಿಯುವಂತಿಲ್ಲ, ಅವುಗಳಿಂದ ಮಾಡಿದ ಯಾವುದನ್ನೂ ದೇಶದೊಳಗೆ ತರುವಂತಿಲ್ಲ. ತಿಮಿಂಗಿಲ ಬೇಟೆಯ ಹಡಗುಗಳು ಸಮುದ್ರವನ್ನು ಬರಿದು ಮಾಡುತ್ತಿದ್ದ ಕಾಲ ಅದು. ಕಾನೂನು ಬೇಕಿತ್ತು, ಅದರಲ್ಲಿ ತಕರಾರಿಲ್ಲ.

ಅಲಾಸ್ಕಾದ ಮೂಲನಿವಾಸಿಗಳಿಗೆ ಅದೇ ಕಾಯ್ದೆ ವಿನಾಯಿತಿ ಕೊಟ್ಟಿತು. ಅವರು ಹೊಟ್ಟೆಪಾಡಿಗೆ ಬೇಟೆಯಾಡಬಹುದು. ಸಿಕ್ಕ ದಂತ, ಚರ್ಮಗಳಿಂದ ಕೈಕಸುಬಿನ ವಸ್ತು ಮಾಡಿ ಯಾರಿಗೆ ಬೇಕಾದರೂ ಮಾರಬಹುದು. ಹಸಿ ದಂತವನ್ನು ಹಾಗೇ ಹೊರಗಿನವರಿಗೆ ಮಾರುವಂತಿಲ್ಲ, ಕೈಯಿಂದ ಅದರ ರೂಪ ಬದಲಾಗಿರಬೇಕು. ಒಳ್ಳೆಯ ನಿಯಮವೇ. ಆದರೆ ಅದು 141ನೇ ರೇಖಾಂಶದ ಹತ್ತಿರ ಬಂದು ನಿಂತುಬಿಡುತ್ತದೆ. ಅಲಾಸ್ಕಾಕ್ಕೂ ಕೆನಡಾಕ್ಕೂ ನಡುವಿನ ಗೆರೆ ಅದು. ಗೆರೆಯ ಆಚೆ ಈಚೆ ಇರುವವರು ಒಂದೇ ಜನಾಂಗದವರು, ಭಾಷೆಯಲ್ಲೂ ಬೇಟೆಯಲ್ಲೂ ನೆಂಟರು. ಪಶ್ಚಿಮಕ್ಕೆ ಕುಳಿತು ಕೆತ್ತಿದ ದಂತ ಅಮೆರಿಕದಲ್ಲಿ ಕಲೆ. ಪೂರ್ವಕ್ಕೆ ಕುಳಿತು ಕೆತ್ತಿದ ದಂತ ನಿಷೇಧಿತ ಮಾಲು.

ಹೊತ್ತು ಕೂಡ ಕೆಟ್ಟದ್ದಿತ್ತು. ಕೆನಡಾದ ತಾಲೋಯೋಆಕ್ ಊರಿನ ಇನುಯಿಟ್ ಶಿಲ್ಪಿ ಕರೂ ಅಶೆವಾಕ್ ಆಗಷ್ಟೇ ಹೆಸರು ಮಾಡುತ್ತಿದ್ದರು. ತಿಮಿಂಗಿಲದ ಹಳೆಯ ಮೂಳೆಗಳಲ್ಲಿ ವಿಚಿತ್ರ ಕಣ್ಣಿನ, ಬಾಯಿ ತೆರೆದ ಭೂತಗಳನ್ನು ಕೆತ್ತುತ್ತಿದ್ದರು. ಅಂಥವನ್ನು ಬೇರೆ ಯಾರೂ ಮಾಡಿರಲಿಲ್ಲ. 1973ರಲ್ಲಿ ನ್ಯೂಯಾರ್ಕ್‌ನಲ್ಲಿ ಅವರ ಪ್ರದರ್ಶನ ನಡೆಯಿತು. ಅಷ್ಟರಲ್ಲಿ ಕಾಯ್ದೆ ಜಾರಿಗೆ ಬಂದಿತ್ತು. ಮರುವರ್ಷ ಮನೆಗೆ ಬೆಂಕಿ ಬಿದ್ದು ಅವರು ತೀರಿಕೊಂಡರು. ತಿಮಿಂಗಿಲ ಮೂಳೆಯ ಕೆತ್ತನೆಗೆ ಪಕ್ಕದಲ್ಲೇ ಇದ್ದ ಅತಿ ದೊಡ್ಡ ಪೇಟೆ ಹೀಗೆ ಮುಚ್ಚಿಹೋಯಿತು.

ಇದಕ್ಕಿಂತ ವಿಚಿತ್ರ ಮುಂದಿದೆ. 1994ರಲ್ಲಿ ಅಮೆರಿಕ ಈ ಕಾಯ್ದೆಗೆ ತಿದ್ದುಪಡಿ ಮಾಡಿ, ಕೆನಡಾಕ್ಕೆ ಹೋಗಿ ಹಿಮಕರಡಿ ಹೊಡೆದ ಶೋಕಿ ಬೇಟೆಗಾರರು ಅದರ ತೊಗಲು, ತಲೆಗಳನ್ನು ಮನೆಗೆ ತರಲು ದಾರಿ ಮಾಡಿಕೊಟ್ಟಿತು. 2008ರಲ್ಲಿ ಹಿಮಕರಡಿ ಅಪಾಯದ ಪಟ್ಟಿಗೆ ಸೇರುವವರೆಗೂ ಆ ದಾರಿ ತೆರೆದೇ ಇತ್ತು. ಆ ಎಲ್ಲ ವರ್ಷಗಳಲ್ಲೂ ಇನುಯಿಟ್ ಹೆಂಗಸು ಹೊಲಿದ ಸೀಲ್ ಚರ್ಮದ ಒಂದು ಜೊತೆ ಕೈಗವಸನ್ನು ಅಮೆರಿಕದ ಅಂಗಡಿಗೆ ಕಳಿಸುವಂತಿರಲಿಲ್ಲ. ಗೋಡೆಗೆ ನೇತುಹಾಕುವ ಕರಡಿ ತಲೆ ಪರವಾಗಿಲ್ಲ, ಕೈ ಬೆಚ್ಚಗಿಡುವ ಗವಸು ಮಾತ್ರ ಕೂಡದು.

ಯುರೋಪಿನ ಕಥೆ ಸೀಲ್ ಸುತ್ತ ಹೆಣೆದದ್ದು. 1970ರ ದಶಕದಲ್ಲಿ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಮಂಜುಗಡ್ಡೆಯ ಮೇಲೆ ಹಾರ್ಪ್ ಸೀಲ್‌ನ ಬಿಳಿ ಮರಿಗಳನ್ನು ದೊಣ್ಣೆಯಿಂದ ಬಡಿಯುವ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ನೋಡಿದವರ ಕರುಳು ಕಿವುಚಿತು. 1983ರಲ್ಲಿ ಯುರೋಪ್ ಆ ಮರಿಗಳ ಚರ್ಮವನ್ನು ನಿಷೇಧಿಸಿತು. ಇನುಯಿಟ್ ಜನ ಆ ಮರಿಗಳನ್ನು ಹಿಡಿಯುತ್ತಲೇ ಇರಲಿಲ್ಲ. ಅವರ ಬೇಟೆ ಹೆಚ್ಚಾಗಿ ರಿಂಗ್ಡ್ ಸೀಲ್, ಅದೂ ದೊಡ್ಡದು, ಅದೂ ಊಟಕ್ಕೆ. ಆ ನಿಯಮದಲ್ಲೂ ಅವರಿಗೆ ವಿನಾಯಿತಿ ಇತ್ತು. ಆದರೆ ಲಂಡನ್ನಿನ ಅಂಗಡಿಯಲ್ಲಿ ನಿಂತ ಗಿರಾಕಿಗೆ ಇದು ಯಾವ ಸೀಲ್, ಯಾರು ಹಿಡಿದದ್ದು ಅನ್ನುವ ವ್ಯತ್ಯಾಸ ಬೇಕಾಗಿರಲಿಲ್ಲ. ಸೀಲ್ ಅಂದರೆ ಸಾಕು, ಮುಖ ತಿರುಗಿಸಿದರು. ಎಲ್ಲ ಬಗೆಯ ಸೀಲ್ ಚರ್ಮದ ಬೆಲೆಯೂ ಒಟ್ಟಿಗೆ ಕುಸಿಯಿತು.

2009ರಲ್ಲಿ ಯುರೋಪಿಯನ್ ಒಕ್ಕೂಟ ಇನ್ನೂ ಮುಂದೆ ಹೋಗಿ ಸೀಲ್‌ನಿಂದ ಬಂದ ಎಲ್ಲ ವಸ್ತುಗಳ ಮಾರಾಟವನ್ನೂ ತಡೆಯಿತು. ಆ ಕಾನೂನಿನಲ್ಲಿ ಸೀಲ್ ಎಂಬ ಪದದ ಅರ್ಥ ಬಹಳ ಅಗಲ. ವಾಲ್ರಸ್ ಕೂಡ ಅದರೊಳಗೇ ಬರುತ್ತದೆ. ಹಾಗಾಗಿ ದಂತದ ಪುಟ್ಟ ಶಿಲ್ಪವೂ ಕಾನೂನಿನ ಲೆಕ್ಕದಲ್ಲಿ ‘ಸೀಲ್ ಉತ್ಪನ್ನ’! ಇಲ್ಲೂ ಇನುಯಿಟ್ ಜನರಿಗೆ ವಿನಾಯಿತಿ ಬರೆದರು. ಬೇಟೆ ಸಾಂಪ್ರದಾಯಿಕವಾಗಿರಬೇಕು, ಹೊಟ್ಟೆಪಾಡಿಗೆ ನೆರವಾಗಬೇಕು, ಮಾನ್ಯತೆ ಪಡೆದ ಸಂಸ್ಥೆಯ ಪ್ರಮಾಣಪತ್ರ ಜೊತೆಗಿರಬೇಕು.

ಕೆನಡಾದ ಇನುಯಿಟ್ ಜನರ ರಾಷ್ಟ್ರೀಯ ಸಂಘಟನೆ ಇನುಯಿಟ್ ತಪಿರೀತ್ ಕನಾತಾಮಿ ಯುರೋಪಿನ ಕೋರ್ಟಿಗೆ ಹೋಯಿತು. 2013ರಲ್ಲಿ ಬಂದ ತೀರ್ಪಿನ ತಿರುಳು ಇಷ್ಟು: ಈ ಕಾನೂನು ಎಲ್ಲರಿಗೂ ಅನ್ವಯಿಸುವಂಥದ್ದು, ನಿಮ್ಮನ್ನೇ ಗುರಿ ಮಾಡಿದ್ದಲ್ಲ, ಆದ್ದರಿಂದ ನೇರವಾಗಿ ಕೇಸು ಹಾಕುವ ಹಕ್ಕು ನಿಮಗಿಲ್ಲ. ಕಾನೂನಿನಲ್ಲಿ ಹೆಸರು ಹಿಡಿದು ವಿನಾಯಿತಿ ಬರೆದಿರುವುದು ಅವರಿಗೇ. ಆದರೂ ಅದು ಅವರ ವಿಷಯವಲ್ಲವಂತೆ! ಕಾನೂನು ಓದಿದವರಿಗೆ ಈ ತರ್ಕ ಸರಿ ಅನಿಸಬಹುದು, ನನಗಂತೂ ಗಂಟಲಲ್ಲಿ ಇಳಿಯುವುದಿಲ್ಲ.

ಕೆನಡಾ ಮತ್ತು ನಾರ್ವೆ ಸರ್ಕಾರಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಟ್ಟಿದ್ದವು. 2014ರ ಮೇ ತಿಂಗಳಲ್ಲಿ ಮೇಲ್ಮನವಿ ಮಂಡಳಿಯ ತೀರ್ಪು ಬಂತು. ಪ್ರಾಣಿಗಳ ಹಿಂಸೆ ತಮ್ಮ ಜನರ ನೈತಿಕ ಭಾವನೆಗೆ ಒಗ್ಗುವುದಿಲ್ಲ ಎಂಬ ಕಾರಣಕ್ಕೆ ಯುರೋಪ್ ವ್ಯಾಪಾರ ತಡೆಯಬಹುದು ಎಂದು ಅದು ಒಪ್ಪಿಕೊಂಡಿತು. ಆದರೆ ವಿನಾಯಿತಿ ಜಾರಿಯಾದ ರೀತಿಯಲ್ಲಿ ತಾರತಮ್ಯ ಇದೆ ಎಂದೂ ಹೇಳಿತು. ಗ್ರೀನ್‌ಲ್ಯಾಂಡಿನ ಇನುಯಿಟ್ ಜನರಿಗೆ ಆ ಬಾಗಿಲು ತೆರೆದಿತ್ತು. ಅವರ ಬೆನ್ನಿಗೆ ಡೆನ್ಮಾರ್ಕ್ ನಂಟಿತ್ತು, ಚರ್ಮ ಹದ ಮಾಡುವ ದೊಡ್ಡ ಕಾರ್ಖಾನೆಯಿತ್ತು, ಕಾಗದಪತ್ರ ನೋಡಿಕೊಳ್ಳುವ ಆಡಳಿತವಿತ್ತು. ಕೆನಡಾದ ಇನುಯಿಟ್ ಜನರಿಗೆ ಅದೇ ಬಾಗಿಲು ಇದ್ದೂ ಇಲ್ಲದಂತಿತ್ತು. 2015ರಲ್ಲಿ ಯುರೋಪ್ ನಿಯಮ ತಿದ್ದಿತು, ಕೆನಡಾದ ಉತ್ತರದ, ಇನುಯಿಟ್ ಜನರೇ ಹೆಚ್ಚಿರುವ ನುನಾವುತ್ ಪ್ರಾಂತ್ಯದ ಸರ್ಕಾರಕ್ಕೆ ಪ್ರಮಾಣಪತ್ರ ಕೊಡುವ ಅಧಿಕಾರ ಸಿಕ್ಕಿತು.

ಹಾಗಾದರೆ ಸಮಸ್ಯೆ ಮುಗಿಯಿತಲ್ವಾ? ಇಲ್ಲ. ಈ ವಿಷಯದ ಗಂಟು ಇರುವುದೇ ಇಲ್ಲಿ.

ನುನಾವುತ್‌ನಲ್ಲಿ 25 ಊರುಗಳಿವೆ. ಒಂದಕ್ಕೂ ದಕ್ಷಿಣದಿಂದ ರಸ್ತೆಯಿಲ್ಲ. ಸಾಮಾನು ಬರುವುದು ವಿಮಾನದಲ್ಲಿ, ಇಲ್ಲವೇ ಬೇಸಿಗೆಯಲ್ಲಿ ಮಂಜು ಕರಗಿದಾಗ ಹಡಗಿನಲ್ಲಿ. ಇಂಥ ಊರಿನಲ್ಲಿ ಕುಳಿತು ಒಂದು ಜೊತೆ ಬೂಟು ಹೊಲಿದವರು ಬರ್ಲಿನ್ನಿನ ಅಂಗಡಿಗೆ ಕಳಿಸಬೇಕಾದರೆ ಏನೇನು ಬೇಕು ಯೋಚಿಸಿ. ಚರ್ಮ ಯಾವ ಬೇಟೆಯದು ಎಂಬ ದಾಖಲೆ ಬೇಕು. ಪ್ರಮಾಣಪತ್ರ ಬೇಕು. ಆ ಪತ್ರವನ್ನು ಓದಿ ಅರ್ಥ ಮಾಡಿಕೊಳ್ಳುವ ಕಸ್ಟಮ್ಸ್ ಅಧಿಕಾರಿ ಸಿಗಬೇಕು. ಎಲ್ಲಕ್ಕಿಂತ ಮೇಲೆ, ‘ಸೀಲ್ ನಿಷೇಧ’ ಎಂಬ ಸುದ್ದಿ ಓದಿದ್ದರೂ ಧೈರ್ಯ ಮಾಡಿ ಮಾಲು ತರಿಸುವ ಅಂಗಡಿಯವರು ಬೇಕು. ಕಾಯ್ದೆಯಲ್ಲಿ ಒಂದು ಸಾಲು ಸೇರಿಸಿದ ಮಾತ್ರಕ್ಕೆ ಗಿರಾಕಿ ವಾಪಸ್ ಬರುವುದಿಲ್ಲ. ದೊಡ್ಡ ವ್ಯಾಪಾರವಿದ್ದಾಗ ಸಾಗಣೆ, ಹರಾಜು, ದಲ್ಲಾಳಿಗಳ ಒಂದು ಸರಪಳಿ ಇತ್ತು. ಸಣ್ಣವರು ಅದಕ್ಕೆ ಜೋತುಬಿದ್ದು ಸಾಗುತ್ತಿದ್ದರು. ನಿಷೇಧ ಆ ಸರಪಳಿಯನ್ನೇ ಕಡಿದು, ಸಣ್ಣವರ ಕೈಗೆ ಒಂದು ವಿನಾಯಿತಿ ಚೀಟಿ ಕೊಟ್ಟಿತು.

ಇನ್ನೊಂದು ಮಾತು. ವಿನಾಯಿತಿ ಬೇಕಾದರೆ ಬೇಟೆ ಮುಖ್ಯವಾಗಿ ವ್ಯಾಪಾರಕ್ಕಾಗಿ ಇರಬಾರದು ಎಂಬ ಶರತ್ತಿದೆ. ಕೇಳಲು ಚೆನ್ನಾಗಿದೆ. ಆದರೆ ಇಂದು ಬೇಟೆಗೆ ಹೋಗಲು ಹಿಮಗಾಡಿ ಬೇಕು, ಅದಕ್ಕೆ ಪೆಟ್ರೋಲ್ ಬೇಕು, ಬಂದೂಕಿಗೆ ಗುಂಡು ಬೇಕು. ಇವನ್ನೆಲ್ಲ ಕೊಳ್ಳುವುದು ದುಡ್ಡಿನಿಂದ. ಆ ದುಡ್ಡು ಬರುವುದು ಚರ್ಮ, ಕೆತ್ತನೆ ಮಾರಿದಾಗ. ಮಾಂಸವನ್ನು ಊರಿಗೆ ಹಂಚುತ್ತಾರೆ. ಚರ್ಮ ಮಾರಿದ ದುಡ್ಡಿನಿಂದ ಮುಂದಿನ ಮಾಂಸ ಬರುತ್ತದೆ. ಇದರಲ್ಲಿ ಹೊಟ್ಟೆಪಾಡು ಎಲ್ಲಿ ಮುಗಿಯಿತು, ವ್ಯಾಪಾರ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯುವವರು ಯಾರು? ನಮ್ಮಲ್ಲಿ ಎರಡು ಹಸು ಸಾಕಿದವರು ಮನೆಗೆ ಇಟ್ಟುಕೊಂಡು ಉಳಿದ ಹಾಲನ್ನು ಡೈರಿಗೆ ಹಾಕುತ್ತಾರೆ. ಅವರನ್ನು ನೀವು ಕುಟುಂಬಸ್ಥರೋ ವ್ಯಾಪಾರಿಗಳೋ ಎಂದು ಕೇಳಿದ ಹಾಗೆ ಇದು.

ಕಲೆಯ ದುಡ್ಡು ಅಲ್ಲಿ ಸಣ್ಣ ಬಾಬತ್ತೂ ಅಲ್ಲ. 2015ರಲ್ಲಿ ಇನುಯಿಟ್ ಕಲೆಗಳಿಂದ ಕೆನಡಾದ ಆರ್ಥಿಕತೆಗೆ ಬಂದದ್ದು ಸುಮಾರು 8.7 ಕೋಟಿ ಕೆನಡಿಯನ್ ಡಾಲರ್ ಎಂದು ಸರ್ಕಾರಕ್ಕಾಗಿ ನಡೆದ ಒಂದು ಅಧ್ಯಯನ ಲೆಕ್ಕ ಹಾಕಿದೆ. ವಯಸ್ಸಿಗೆ ಬಂದ ಇನುಯಿಟ್ ಜನರಲ್ಲಿ ಸುಮಾರು ನಾಲ್ವರಿಗೆ ಒಬ್ಬರು ಕೆತ್ತನೆ, ಹೊಲಿಗೆ, ಚಿತ್ರ ಹೀಗೆ ಯಾವುದೋ ಕೈಕೆಲಸದಲ್ಲಿ ತೊಡಗಿದವರು.

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲ ತಡೆಗಳೂ ಕೆಟ್ಟವು ಎಂಬ ತೀರ್ಮಾನಕ್ಕೆ ಬರಬೇಡಿ. ಮೂರನೆಯ ಬಗೆಯ ಕಾನೂನು ಒಂದಿದೆ. ಅದು ಸೈಟಿಸ್. ಅಳಿವಿನ ಅಂಚಿನ ಜೀವಿಗಳ ವ್ಯಾಪಾರಕ್ಕೆ ಲಗಾಮು ಹಾಕುವ ಈ ಒಪ್ಪಂದ 1975ರಲ್ಲಿ ಜಾರಿಗೆ ಬಂತು. 180ಕ್ಕೂ ಹೆಚ್ಚು ದೇಶಗಳು ಸಹಿ ಹಾಕಿವೆ, ಭಾರತವೂ ಸೇರಿ. ಇದರಲ್ಲಿ ಮೂರು ಪಟ್ಟಿಗಳಿವೆ. ಒಂದನೆಯದರಲ್ಲಿ ಇರುವುದಕ್ಕೆ ವ್ಯಾಪಾರವೇ ಇಲ್ಲ ಅನ್ನಬಹುದು. ಸ್ಪರ್ಮ್ ತಿಮಿಂಗಿಲ ಅಲ್ಲಿದೆ. ನಾರ್ವಾಲ್ ಮತ್ತು ಹಿಮಕರಡಿ ಎರಡನೆಯದರಲ್ಲಿವೆ. ವ್ಯಾಪಾರ ಮಾಡಬಹುದು, ಆದರೆ ಅದರಿಂದ ಆ ಪ್ರಾಣಿಯ ಸಂಖ್ಯೆಗೆ ಧಕ್ಕೆಯಿಲ್ಲ ಎಂದು ತೋರಿಸಿ ರಫ್ತು ಪರ್ಮಿಟ್ ಪಡೆಯಬೇಕು. ವಾಲ್ರಸ್ ಮೂರನೆಯದರಲ್ಲಿದೆ. ಕೆನಡಾ ತಾನಾಗಿಯೇ ಸೇರಿಸಿದ್ದು, ಕಾಗದ ಇನ್ನೂ ಸ್ವಲ್ಪ ಸಲೀಸು. ಹಾರ್ಪ್ ಸೀಲ್ ಮತ್ತು ರಿಂಗ್ಡ್ ಸೀಲ್ ಯಾವ ಪಟ್ಟಿಯಲ್ಲೂ ಇಲ್ಲ.

ಈ ಕೊನೆಯ ಮಾತನ್ನು ಗಮನಿಸಿ. ಪ್ರಾಣಿಗಳನ್ನು ಎಣಿಸಿ ತೀರ್ಮಾನ ಮಾಡುವ ಒಪ್ಪಂದಕ್ಕೆ ಸೀಲ್ ಬಗ್ಗೆ ಚಿಂತೆಯಿಲ್ಲ. ಎಣಿಸದೆ ತೀರ್ಮಾನ ಮಾಡಿದ ಕಾನೂನುಗಳಿಗೆ ಸೀಲ್ ಮೇಲೇ ಕಣ್ಣು. ನನ್ನ ಪ್ರಕಾರ ಎರಡನ್ನೂ ಒಂದೇ ಬುಟ್ಟಿಗೆ ಹಾಕುವುದರಿಂದಲೇ ಈ ಚರ್ಚೆ ದಾರಿ ತಪ್ಪುತ್ತಿದೆ.

ಪರ್ಮಿಟ್ ಯಾಕೆ ಬೇಕು ಅನ್ನುವುದಕ್ಕೆ ಒಂದು ಪ್ರಕರಣ ಸಾಕು. ಕೆನಡಾದ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಸುಮಾರು ಹತ್ತು ವರ್ಷ ನಾರ್ವಾಲ್ ದಂತಗಳನ್ನು ತಮ್ಮ ಗಾಡಿ ಮತ್ತು ಟ್ರೇಲರಿನ ಗುಪ್ತ ಅರೆಗಳಲ್ಲಿ ಅಡಗಿಸಿ ಅಮೆರಿಕದ ಮೇನ್ ರಾಜ್ಯಕ್ಕೆ ಸಾಗಿಸಿದರು. ಒಟ್ಟು 250ರಷ್ಟು ದಂತಗಳು. 2017ರಲ್ಲಿ ಅಮೆರಿಕದ ಕೋರ್ಟ್ 62 ತಿಂಗಳ ಜೈಲು ವಿಧಿಸಿತು. ಮಾಲು ಉತ್ತರದ್ದು, ಲಾಭ ದಕ್ಷಿಣದವರದ್ದು. ಇಂಥವರಿದ್ದಾಗ ಕಾಗದ ಕೇಳಲೇಬೇಕು.

ಆದರೆ ಕಾಗದವೂ ಕೈಕೊಡುತ್ತದೆ. 2010ರ ಕೊನೆಯಲ್ಲಿ ಕೆನಡಾದ ಮೀನುಗಾರಿಕಾ ಇಲಾಖೆ ನುನಾವುತ್‌ನ 17 ಊರುಗಳ ನಾರ್ವಾಲ್ ದಂತ ರಫ್ತಿಗೆ ತಡೆ ಹಾಕಿತು. ಧಕ್ಕೆಯಿಲ್ಲ ಎಂದು ಹೇಳಲು ಸಾಕಷ್ಟು ಆಧಾರವಿಲ್ಲ ಎಂಬ ಕಾರಣ ಕೊಟ್ಟಿತು. ಊರಿನವರನ್ನು ಸರಿಯಾಗಿ ಕೇಳಿರಲಿಲ್ಲ. ಇನುಯಿಟ್ ಸಂಘಟನೆ ಕೋರ್ಟಿಗೆ ಹೋಯಿತು. ಮುಂದಿನ ವರ್ಷ ತಡೆ ಬಹುಪಾಲು ಸಡಿಲವಾಯಿತು. ಹಾಗೆಯೇ 2010ರಲ್ಲಿ ದೋಹಾದಲ್ಲಿ, 2013ರಲ್ಲಿ ಬ್ಯಾಂಕಾಕ್‌ನಲ್ಲಿ ಹಿಮಕರಡಿಯನ್ನು ಒಂದನೆಯ ಪಟ್ಟಿಗೆ ಏರಿಸಬೇಕೆಂದು ಅಮೆರಿಕ ಒತ್ತಾಯಿಸಿತು. ಎರಡೂ ಸಲ ಸೋತಿತು. ಹಿಮಕರಡಿಗೆ ದೊಡ್ಡ ಕುತ್ತು ಕರಗುತ್ತಿರುವ ಮಂಜು, ಚರ್ಮದ ವ್ಯಾಪಾರವಲ್ಲ ಎಂದು ಇನುಯಿಟ್ ಪ್ರತಿನಿಧಿಗಳು ಅಲ್ಲಿ ವಾದಿಸಿದ್ದರು. ಹೊಗೆ ಬಿಡುವವರು ಬೇರೆ, ತೆರಿಗೆ ಕಟ್ಟುವವರು ಬೇರೆ ಅನ್ನುವ ಹಾಗಿದೆ.

ಈಚಿನ ವರ್ಷಗಳಲ್ಲಿ ಹೊಸ ತಲೆನೋವು ಬಂದದ್ದು ಆನೆಯಿಂದ. ಆಫ್ರಿಕಾದ ಆನೆಗಳನ್ನು ಉಳಿಸಲು ಅಮೆರಿಕದ ಹಲವು ರಾಜ್ಯಗಳು ದಂತದ ಮಾರಾಟಕ್ಕೆ ಕಾನೂನು ತಂದವು. ಕ್ಯಾಲಿಫೋರ್ನಿಯಾದ ಕಾನೂನು 2016ರಲ್ಲಿ ಜಾರಿಗೆ ಬಂದಾಗ ಅದರ ‘ದಂತ’ ಎಂಬ ಪದದೊಳಗೆ ವಾಲ್ರಸ್ಸೂ ಇತ್ತು, ಎಂದೋ ಅಳಿದುಹೋದ ಮ್ಯಾಮತ್ತೂ ಇತ್ತು. ಅಲಾಸ್ಕಾದ ಕೆತ್ತನೆಗಾರರಿಗೆ ಕೇಂದ್ರದ ಕಾನೂನಿನ ರಕ್ಷಣೆ ಇದ್ದೇ ಇದೆ. ಆದರೆ ಕೊಳ್ಳುವವರು ಸುಮ್ನೆ ಯಾಕೆ ತಾಪತ್ರಯ ಎಂದು ಹಿಂದೆ ಸರಿದರು. ಆನ್‌ಲೈನ್ ಅಂಗಡಿಗಳೂ ದಂತ ಅನ್ನುವ ಪದ ಕಂಡೊಡನೆ ಮಾಲನ್ನು ಪಟ್ಟಿಯಿಂದ ತೆಗೆಯತೊಡಗಿದವು. ಬ್ರಿಟನ್ ಕೂಡ 2018ರ ದಂತ ಕಾಯ್ದೆಯನ್ನು ನಾರ್ವಾಲ್, ಸ್ಪರ್ಮ್ ತಿಮಿಂಗಿಲಗಳಿಗೆ ವಿಸ್ತರಿಸುವುದಾಗಿ 2023ರಲ್ಲಿ ಪ್ರಕಟಿಸಿತು.

ಇದನ್ನು ಓದುವಾಗ ಮೈಸೂರು ನೆನಪಾಗದೆ ಇರುವುದಿಲ್ಲ. ಬೀಟೆ ಮರದ ಮೇಲೆ ದಂತದ ಚೂರುಗಳನ್ನು ಕೂರಿಸಿ ಚಿತ್ರ ಮಾಡುವ ಕೆಲಸ ನಮ್ಮದು. ನಮ್ಮ ವನ್ಯಜೀವಿ ಕಾಯ್ದೆಯ 1986ರ ತಿದ್ದುಪಡಿಯಿಂದ ಭಾರತದ ಆನೆದಂತದ ವ್ಯಾಪಾರ ನಿಂತಿತು, 1991ರಲ್ಲಿ ಆಫ್ರಿಕಾದ ದಂತಕ್ಕೂ ಬಾಗಿಲು ಹಾಕಿತು. ಕುಶಲಕರ್ಮಿಗಳು ಪ್ಲಾಸ್ಟಿಕ್‌ಗೆ, ಬಣ್ಣಬಣ್ಣದ ಮರಗಳಿಗೆ ತಿರುಗಿದರು. 2017ರ ಜನವರಿಯಲ್ಲಿ ಬೀಟೆ, ಶೀಶಮ್ ಸೇರಿ ಆ ಕುಲದ ಮರಗಳೇ ಸೈಟಿಸ್‌ನ ಎರಡನೆಯ ಪಟ್ಟಿಗೆ ಹೋದವು. ನಾರ್ವಾಲ್ ಇರುವ ಅದೇ ಪಟ್ಟಿ! ಮೈಸೂರಿನಲ್ಲಿ ಬೇರೆ ವಸ್ತು ಸಿಕ್ಕಿತು. ಮರವಿಲ್ಲದ ಮಂಜಿನ ನಾಡಿನಲ್ಲಿ ಆಯ್ಕೆ ಕಡಿಮೆ. 2018ರಲ್ಲಿ ಭಾರತವೂ ಸೀಲ್ ಚರ್ಮದ ಆಮದನ್ನು ನಿಷೇಧಿಸಿತು. ನಮ್ಮ ಸೆಕೆಗೆ ಸೀಲ್ ಚರ್ಮದ ಕೋಟು ಯಾರು ಹಾಕುತ್ತಿದ್ದರೋ ಗೊತ್ತಿಲ್ಲ, ಇರಲಿ.

ತಡೆ ಬರೀ ಒಳಬರುವ ಕಡೆಯಲ್ಲಿಲ್ಲ, ಹೊರಹೋಗುವ ಕಡೆಯಲ್ಲೂ ಇದೆ. ಕೆನಡಾದ ಸಾಂಸ್ಕೃತಿಕ ಆಸ್ತಿ ಕಾಯ್ದೆ 1977ರಿಂದ ಜಾರಿಯಲ್ಲಿದೆ. ವಸ್ತುವಿಗೆ 50 ವರ್ಷ ದಾಟಿದ್ದು, ಮಾಡಿದವರು ತೀರಿಕೊಂಡಿದ್ದು, ಬೆಲೆ ನಿಗದಿತ ಮಿತಿ ಮೀರಿದ್ದರೆ ರಫ್ತಿಗೆ ಪರ್ಮಿಟ್ ಬೇಕು. ಮೂಲನಿವಾಸಿಗಳು ಮಾಡಿದ ವಸ್ತುಗಳಿಗೆ ಈ ಮಿತಿ 3,000 ಡಾಲರ್. ತಜ್ಞರು ಬೇಡ ಎಂದರೆ ದೇಶದೊಳಗಿನ ಮ್ಯೂಸಿಯಂ ಕೊಳ್ಳಲು ಕೆಲವು ತಿಂಗಳು ಕಾಲಾವಕಾಶ ಕೊಡಬಹುದು. ಈ ನಿಯಮಕ್ಕೆ ಈಗ ಜೀವ ಬರುತ್ತಿದೆ. ಯಾಕೆಂದರೆ ಆ ಮೊದಲ ತಲೆಮಾರಿನ ಕೃತಿಗಳಿಗೆ ಒಂದೊಂದಾಗಿ ಐವತ್ತು ತುಂಬುತ್ತಿದೆ. ಕೆನೊಜುಆಕ್ ಅಶೆವಾಕ್ 1960ರಲ್ಲಿ ಮಾಡಿದ ಮಾಯಾ ಗೂಬೆಯ ಅಚ್ಚು ಚಿತ್ರವನ್ನು ಕೆನಡಾ ಅಂಚೆಚೀಟಿಯ ಮೇಲೂ ಹಾಕಿತ್ತು. ಕಲಾವಿದೆ 2013ರಲ್ಲಿ ತೀರಿಕೊಂಡರು. 2018ರ ಹರಾಜಿನಲ್ಲಿ ಅದರ ಒಂದು ಪ್ರತಿ 2,16,000 ಡಾಲರಿಗೆ ಹೋಯಿತು. ಅದರಲ್ಲಿ ದಂತವಿಲ್ಲ, ಚರ್ಮವಿಲ್ಲ, ಬರೀ ಕಾಗದ ಮತ್ತು ಮಸಿ. ಆದರೂ ಆ ವಯಸ್ಸಿನ, ಆ ಬೆಲೆಯ ಗೂಬೆ ಪರ್ಮಿಟ್ ಇಲ್ಲದೆ ಹಾರುವಂತಿಲ್ಲ.

ವಸ್ತು, ವಯಸ್ಸು, ಬೆಲೆ ಯಾವುದರ ಅಂಕೆಯೂ ಇಲ್ಲದೆ ಗಡಿ ದಾಟುವುದು ಒಂದೇ: ನಕಲಿ. ರಾಳ ಎರಕ ಹೊಯ್ದು ಮಾಡಿದ ‘ಇನುಯಿಟ್ ಕರಡಿ’ಗೆ ಯಾವ ಪ್ರಾಣಿಯೂ ಸತ್ತಿಲ್ಲ, ಯಾವ ಪರ್ಮಿಟ್ಟೂ ಬೇಡ. ಅಸಲಿಯನ್ನು ಗುರುತಿಸಲು 1958ರಿಂದ ಇಗ್ಲೂ ಚಿತ್ರದ ಚೀಟಿ ಕಟ್ಟುತ್ತಾರೆ. 2017ರಲ್ಲಿ ಆ ಗುರುತಿನ ಹಕ್ಕು ಸರ್ಕಾರದಿಂದ ಇನುಯಿಟ್ ಆರ್ಟ್ ಫೌಂಡೇಶನ್ ಕೈಗೆ ಬಂತು. ಚೀಟಿ ಅಸಲಿತನ ಹೇಳುತ್ತದೆ, ಗಡಿ ತೆರೆಯುವುದಿಲ್ಲ.

ಗಾಳಿ ಸ್ವಲ್ಪ ತಿರುಗಿದ ಲಕ್ಷಣಗಳೂ ಇವೆ. 2014ರಲ್ಲಿ ಗ್ರೀನ್‌ಪೀಸ್ ಕೆನಡಾ ತನ್ನ ಹಳೆಯ ಸೀಲ್ ವಿರೋಧಿ ಚಳವಳಿಯಿಂದ ಇನುಯಿಟ್ ಜನರಿಗೆ ಆದ ಹಾನಿಗೆ ಕ್ಷಮೆ ಕೇಳಿತು. 2024ರಲ್ಲಿ ಯುರೋಪಿಯನ್ ಕಮಿಷನ್ ಸೀಲ್ ಕಾನೂನಿನ ಮರುಪರಿಶೀಲನೆಗೆ ಕೈಹಾಕಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಅಮೆರಿಕದಲ್ಲಿ ಮಾತ್ರ 1972ರ ಗೆರೆ ಇದ್ದಲ್ಲೇ ಇದೆ, ಒಂದು ಸಣ್ಣ ಕಿಂಡಿ ಬಿಟ್ಟರೆ.

ಆ ಕಿಂಡಿ 1994ರ ತಿದ್ದುಪಡಿಯಲ್ಲೇ ಇದೆ. ಕೆನಡಾ, ಗ್ರೀನ್‌ಲ್ಯಾಂಡ್, ರಷ್ಯಾಗಳ ಮೂಲನಿವಾಸಿಗಳು ತಮ್ಮದೇ ಬಳಕೆಯ ವಸ್ತುಗಳನ್ನು ಪ್ರಯಾಣದಲ್ಲಿ ಅಮೆರಿಕಕ್ಕೆ ಒಯ್ಯಬಹುದು. ಅಲಾಸ್ಕಾದ ನೆಂಟರೊಡನೆ ಸಾಂಸ್ಕೃತಿಕವಾಗಿ ಕೊಟ್ಟು ತೆಗೆದುಕೊಳ್ಳಬಹುದು. ಮಾರುವಂತಿಲ್ಲ. ಅಂದರೆ ನುನಾವುತ್‌ನ ಅಜ್ಜಿಯೊಬ್ಬರು ತಾವೇ ಹೊಲಿದ ಸೀಲ್ ಚರ್ಮದ ಕಮಿಕ್ ಬೂಟು ತೊಟ್ಟು ಅಲಾಸ್ಕಾದ ಹಬ್ಬಕ್ಕೆ ಹೋಗಬಹುದು, ಅದರಲ್ಲೇ ಕುಣಿಯಬಹುದು. ಪಕ್ಕದ ಮಳಿಗೆಯಲ್ಲಿ ಅಲಾಸ್ಕಾದ ಇನ್ನೊಬ್ಬ ಅಜ್ಜಿ ಅಂಥದ್ದೇ ಬೂಟುಗಳನ್ನು ಪ್ರವಾಸಿಗರಿಗೆ ಮಾರುತ್ತಿರುತ್ತಾರೆ. ಯಾರಾದರೂ ಬಂದು ನಿಮ್ಮ ಬೂಟಿಗೆ ಎಷ್ಟು ಅಂತ ಕೇಳಿದರೆ, ಈ ಅಜ್ಜಿ ಮಾತ್ರ ಇಲ್ಲ ಅಂತ ತಲೆಯಾಡಿಸಿ, ಅದನ್ನೇ ತೊಟ್ಟುಕೊಂಡು ಮನೆಗೆ ಬರಬೇಕು.